ಲಾಂಟ್ಸ್ ಬುಲ್‌ಡಾಗ್ ಟ್ರ್ಯಾಕ್ಟರ್‌ಗಳ ಜೀರ್ಣೋದ್ಧಾರ

ಲಾಂಟ್ಸ್ ಬುಲ್‌ಡಾಗ್: ಜರ್ಮನಿಯ ಮಾನ್‌ಹೈಮ್ ನಗರದ ಹೈನ್ರಿಖ್ ಲಾಂಟ್ಸ್ ಕಂಪನಿ 1921ರಿಂದ 1960ರವರೆಗೆ ತಯಾರಿಸಿದ ಒಂಟಿ ಸಿಲಿಂಡರಿನ ಟ್ರ್ಯಾಕ್ಟರ್. ಈ ಅವಧಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಬುಲ್‌ಡಾಗ್‌ಗಳು ಕಾರ್ಖಾನೆಯಿಂದ ಹೊರಬಂದವು. ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಇಂದಿಗೂ ಯಾವುದೇ ಕಂಪನಿಯ ಟ್ರ್ಯಾಕ್ಟರನ್ನು ಬುಲ್‌ಡಾಗ್ ಎಂದು ಕರೆಯುವವರಿದ್ದಾರೆ. ತುಕ್ಕು ಹಿಡಿದು, ಎಂಜಿನ್ ಜಾಮ್ ಆಗಿ, ಅರ್ಧ ಬಿಡಿಭಾಗಗಳನ್ನು ಕಳೆದುಕೊಂಡು ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಇಂಥ ಯಂತ್ರಗಳನ್ನು ಮತ್ತೆ ಓಡುವಂತೆ ಮಾಡುವ ಕೆಲಸ 1970ರ ದಶಕದಿಂದ ಈಚೆಗೆ ಒಂದು ಹವ್ಯಾಸವಾಗಿ, ಕೆಲವರಿಗೆ ಕಸುಬಾಗಿ ಬೆಳೆದಿದೆ. ಹಳೆಯ ಕೃಷಿಯಂತ್ರಗಳ ಜೀರ್ಣೋದ್ಧಾರದಲ್ಲಿ ಎದುರಾಗುವ ಬಹುತೇಕ ಎಲ್ಲ ತಾಂತ್ರಿಕ ತೊಡಕುಗಳೂ ತಕರಾರುಗಳೂ ಈ ಒಂದು ಟ್ರ್ಯಾಕ್ಟರಿನ ಸುತ್ತ ಸಿಗುತ್ತವೆ.

ಲಾಂಟ್ಸ್ ಕಂಪನಿ 1859ರಲ್ಲಿ ಶುರುವಾದದ್ದು. ಮೊದಲು ಒಕ್ಕಣೆ ಯಂತ್ರ, ಅದನ್ನು ಓಡಿಸುವ ಎಳೆದೊಯ್ಯಬಹುದಾದ ಉಗಿ ಎಂಜಿನ್ ಇವೇ ಅದರ ಮುಖ್ಯ ಸರಕು. ಮೊದಲ ಮಹಾಯುದ್ಧಕ್ಕೆ ಮುಂಚೆ ಲಾಂಟ್ಸ್ ಮನೆತನದ ಹಣ ಶೂಟ್ಟೆ-ಲಾಂಟ್ಸ್ ಆಕಾಶನೌಕೆಗಳಿಗೂ ಹರಿದಿತ್ತು. ಯುದ್ಧ ಸೋತ ಜರ್ಮನಿಯಲ್ಲಿ ದುಡ್ಡಿಗೆ ಬೆಲೆಯಿರಲಿಲ್ಲ, ಒಳ್ಳೆಯ ಇಂಧನ ಸಿಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಎಂಜಿನಿಯರ್ ಫ್ರಿಟ್ಸ್ ಹೂಬರ್ ರೂಪಿಸಿದ ಎಚ್‌ಎಲ್ ಮಾದರಿಯ 12 ಅಶ್ವಶಕ್ತಿಯ ಬುಲ್‌ಡಾಗ್ 1921ರಲ್ಲಿ ಮಾರುಕಟ್ಟೆಗೆ ಬಂತು. ಕಚ್ಚಾ ಎಣ್ಣೆ, ಡಾಂಬರಿನಿಂದ ಇಳಿಸಿದ ಎಣ್ಣೆ, ಸೋಸಿದ ಹಳೆ ಎಣ್ಣೆ, ಏನು ಹಾಕಿದರೂ ಅದು ಓಡುತ್ತಿತ್ತು. ಎಂಜಿನ್ನಿನ ಮುಂಭಾಗಕ್ಕೆ ಚಾಚಿಕೊಂಡ ಗುಂಡು ತಲೆ ಬುಲ್‌ಡಾಗ್ ನಾಯಿಯ ಮೂತಿಯನ್ನು ಹೋಲುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ.

ಆ ಗುಂಡು ತಲೆಯೇ ಈ ಎಂಜಿನ್ನಿನ ಜೀವ. ಇದು ಹಾಟ್ ಬಲ್ಬ್ ಬಗೆಯ ಟೂ-ಸ್ಟ್ರೋಕ್ ಎಂಜಿನ್. ಸ್ಪಾರ್ಕ್ ಪ್ಲಗ್ ಇಲ್ಲ, ವಾಲ್ವ್‌ಗಳಿಲ್ಲ, ಡೀಸೆಲ್ ಎಂಜಿನ್ನಿನಂತೆ ಗಾಳಿಯನ್ನು ತೀವ್ರವಾಗಿ ಒತ್ತಿ, ಆ ಬಿಸಿಯಿಂದಲೇ ಎಣ್ಣೆ ಹೊತ್ತಿಸುವ ಏರ್ಪಾಡೂ ಇಲ್ಲ. ಕಾದು ಕೆಂಪೇರಿದ ಎರಕದ ಬುರುಡೆಯೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ಅಲ್ಲಿಯೇ ಹೊತ್ತಿಕೊಳ್ಳುತ್ತದೆ. ಒಮ್ಮೆ ಎಂಜಿನ್ ಓಡತೊಡಗಿದ ಮೇಲೆ ತನ್ನದೇ ಉರಿಯಿಂದ ಬುರುಡೆ ಕಾದಿರುತ್ತದೆ. ತಣ್ಣಗಿರುವಾಗ ಮಾತ್ರ ಹೊರಗಿನಿಂದ ಬ್ಲೋ ಲ್ಯಾಂಪ್ ಹಿಡಿದು ಕಾಯಿಸಬೇಕು. ನಮ್ಮ ಹಳೆಯ ಅಕ್ಕಿ ಗಿರಣಿಗಳ ನಿಧಾನಗತಿಯ ಎಂಜಿನ್ ಸದ್ದು ಕಿವಿಯಲ್ಲಿ ಉಳಿದಿರುವವರಿಗೆ ಬುಲ್‌ಡಾಗಿನ ಡುಬ್ ಡುಬ್ ಹೊಸದೆನಿಸದು. ನಿಂತಲ್ಲೇ ಓಡುವಾಗ ಇಡೀ ಟ್ರ್ಯಾಕ್ಟರ್ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ.

ಮೊದಲ ಎಚ್‌ಎಲ್ ಮಾದರಿಗೆ ರಿವರ್ಸ್ ಗೇರ್ ಇರಲಿಲ್ಲ. ಹಿಂದಕ್ಕೆ ಹೋಗಬೇಕಾದರೆ ಚಾಲಕ ಎಂಜಿನ್ನಿನ ವೇಗವನ್ನು ಇಳಿಸಿ, ಅದು ಇನ್ನೇನು ನಿಲ್ಲುತ್ತದೆ ಎನ್ನುವಾಗ ಎಣ್ಣೆ ಕೊಟ್ಟು ತಿರುಗುವ ದಿಕ್ಕನ್ನೇ ಬದಲಿಸುತ್ತಿದ್ದ. ಸುಮಾರು 6 ಸಾವಿರ ಎಚ್‌ಎಲ್‌ಗಳು ತಯಾರಾದವು. 1923ರಲ್ಲಿ ಬಂದ ಎಚ್‌ಪಿ ಮಾದರಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ, ನಡುವಿನಲ್ಲಿ ಬಾಗುವ ವಿಚಿತ್ರ ಯಂತ್ರ. ತನ್ನ ಕಾಲಕ್ಕೆ ತುಂಬ ಮುಂದಿದ್ದ ಅದು ಸಾವಿರದ ಗಡಿಯನ್ನೂ ಮುಟ್ಟಲಿಲ್ಲ. ಇಂದು ಸಂಗ್ರಹಕಾರರು ಬೆನ್ನಟ್ಟುವ ಬುಲ್‌ಡಾಗ್‌ಗಳಲ್ಲಿ ಇದೂ ಒಂದು. 1926ರ ಎಚ್‌ಆರ್2 ಮಾದರಿಯಿಂದ ಕಾರ್ಖಾನೆಯಲ್ಲಿ ಜೋಡಣಾ ಸಾಲು ಬಂತು, 1929ರ ಎಚ್‌ಆರ್5ರಿಂದ ರೇಡಿಯೇಟರ್ ಬಂತು. ಅದಕ್ಕೂ ಮುಂಚಿನವುಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಂಪು ಮಾಡುವ ವಿಧಾನ. ದೊಡ್ಡ ಮಾದರಿಗಳ ಒಂದೇ ಸಿಲಿಂಡರಿನ ಅಳತೆ 10.3 ಲೀಟರ್: ಪಿಸ್ಟನ್ನಿನ ಅಡ್ಡಗಲ 225 ಮಿಲಿಮೀಟರ್, ಅದು ಓಡಾಡುವ ದೂರ 260 ಮಿಲಿಮೀಟರ್.

1950ರ ದಶಕದಲ್ಲಿ ಹಲವು ಸಿಲಿಂಡರಿನ, ಗುಂಡಿ ಒತ್ತಿದರೆ ಚಾಲೂ ಆಗುವ, ನೇಗಿಲನ್ನು ಹೈಡ್ರಾಲಿಕ್‌ನಿಂದ ಎತ್ತುವ ಡೀಸೆಲ್ ಟ್ರ್ಯಾಕ್ಟರ್‌ಗಳು ಬಂದಾಗ ಬುಲ್‌ಡಾಗಿನ ಕಾಲ ಮುಗಿಯಿತು. 1956ರಲ್ಲಿ ಅಮೆರಿಕದ ಜಾನ್ ಡೀರ್ ಕಂಪನಿ ಲಾಂಟ್ಸ್‌ನ ಹೆಚ್ಚಿನ ಪಾಲನ್ನು ಕೊಂಡಿತು. ನೀಲಿ ಮೈ, ಕೆಂಪು ಚಕ್ರದ ಟ್ರ್ಯಾಕ್ಟರ್‌ಗಳು ಕೆಲವೇ ವರ್ಷಗಳಲ್ಲಿ ಹಸಿರು-ಹಳದಿಗೆ ತಿರುಗಿದವು. 1960ರಲ್ಲಿ ತಯಾರಿಕೆ ನಿಂತಿತು. ಹೊಲದಿಂದ ಹೊರಬಿದ್ದ ಬುಲ್‌ಡಾಗ್‌ಗಳಲ್ಲಿ ಅನೇಕವು ಗುಜರಿಗೆ ಹೋದವು. ಉಳಿದವು ಬೆಲ್ಟ್ ಹಾಕಿಸಿಕೊಂಡು ಕಟ್ಟಿಗೆ ಕೊಯ್ಯುವ ಗರಗಸ ಓಡಿಸಿದವು, ರಸ್ತೆಗಾಗಿಯೇ ಮಾಡಿದ ಐಲ್‌ಬುಲ್‌ಡಾಗ್‌ಗಳು ಜಾತ್ರೆಯ ತೊಟ್ಟಿಲು-ಗುಡಾರದ ಗಾಡಿಗಳನ್ನು ಊರಿಂದೂರಿಗೆ ಎಳೆದವು. ಮುಂದೆ ಜೀರ್ಣೋದ್ಧಾರಕ್ಕೆ ಸಿಕ್ಕ ಯಂತ್ರಗಳಲ್ಲಿ ಹೆಚ್ಚಿನವು ಹೀಗೆ ಎರಡನೆಯ ಚಾಕರಿಯಲ್ಲಿ ಸವೆದವೇ.

ದುಃಸ್ಥಿತಿಯ ಬುಲ್‌ಡಾಗಿನಲ್ಲಿ ಕಾಣುವ ಅತಿ ದೊಡ್ಡ ಹಾನಿಗೆ ಕಾರಣ ಚಳಿಗಾಲ. ನೀರು ಬಸಿಯದೆ ಬಿಟ್ಟ ಸಿಲಿಂಡರಿನಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ, ಸುತ್ತಲಿನ ಎರಕದ ಗೋಡೆಯನ್ನು ಸೀಳುತ್ತದೆ. ಎರಕದ ಕಬ್ಬಿಣಕ್ಕೆ ಉಕ್ಕಿನಂತೆ ಬೆಸುಗೆ ಹಾಕಲಾಗದು. ಬೆಸುಗೆಯ ಶಾಖಕ್ಕೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಆದ್ದರಿಂದ ಇಡೀ ಭಾಗವನ್ನು ಮೊದಲೇ ಕಾಯಿಸಿ, ನಿಕ್ಕಲ್ ಬೆರೆತ ಕಡ್ಡಿಯಿಂದ ಬೆಸೆದು, ಬಹಳ ನಿಧಾನವಾಗಿ ಆರಲು ಬಿಡುತ್ತಾರೆ. ಇನ್ನೊಂದು ದಾರಿ ತಣ್ಣನೆಯ ಹೊಲಿಗೆ: ಬಿರುಕಿನುದ್ದಕ್ಕೂ ಒಂದರ ಮೇಲೊಂದು ಅಂಚು ಹತ್ತುವಂತೆ ತೂತು ಕೊರೆದು, ತಿರುಪು ಮೊಳೆಗಳನ್ನು ಬಿಗಿದು, ಮೇಲ್ಮೈಯನ್ನು ಉಜ್ಜಿ ಸಮ ಮಾಡುವುದು. ಅವಸರವಿಲ್ಲದವರಿಗೆ ಎರಡನೆಯದೇ ಲೇಸು, ಅದರಲ್ಲಿ ಮೂಲ ಲೋಹಕ್ಕೆ ಶಾಖದ ಕಾಟವಿಲ್ಲ.

ಎರಡನೆಯ ಪೀಡೆ ಜಾಮ್ ಆದ ಪಿಸ್ಟನ್. ಚಿಮಣಿಯ ಬಾಯಿಯಿಂದ ಇಳಿದ ಮಳೆನೀರು ಸಿಲಿಂಡರಿನೊಳಗೆ ನಿಂತರೆ ಪಿಸ್ಟನ್ನೂ ರಿಂಗುಗಳೂ ಗೋಡೆಗೆ ಅಂಟಿಕೊಳ್ಳುತ್ತವೆ. ಸುತ್ತಿಗೆ ಎತ್ತಿಕೊಂಡವನು ಇಲ್ಲಿ ಸೋಲುತ್ತಾನೆ. ತೆಳು ಎಣ್ಣೆಯಲ್ಲಿ ವಾರಗಟ್ಟಲೆ ನೆನೆಹಾಕಿ, ಸಿಲಿಂಡರನ್ನು ಬಿಚ್ಚಿ ತೆಗೆದು, ಹೊರಗಿನಿಂದ ಬಿಸಿ ಮಾಡಿ ಹೈಡ್ರಾಲಿಕ್ ಜಾಕಿನಿಂದ ಸ್ವಲ್ಪ ಸ್ವಲ್ಪವೇ ಒತ್ತುವುದು ರೂಢಿ. ಬಿಟ್ಟುಕೊಂಡ ಮೇಲೆ ಸಿಲಿಂಡರ್ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಕೂರಿಸಬೇಕು. ಇಷ್ಟಾದರೂ ಎಂಜಿನ್ ಹೊತ್ತದಿದ್ದರೆ ಅನುಭವಿಗಳು ಮೊದಲು ನೋಡುವುದು ಕ್ರ್ಯಾಂಕ್‌ಕೇಸ್. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಗಾಳಿ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿ ಒತ್ತಿಕೊಂಡು ಸಿಲಿಂಡರಿಗೆ ಹೋಗುತ್ತದೆ. ಬೇರಿಂಗಿನ ಪಕ್ಕದ ಸೀಲ್ ಸವೆದು ಗಾಳಿ ಸೋರಿದರೆ ಉಳಿದದ್ದೆಲ್ಲ ಸರಿಯಿದ್ದೂ ಫಲವಿಲ್ಲ.

ಕಳೆದುಹೋಗುವ ಭಾಗಗಳಲ್ಲಿ ಬಾಷ್ ಕಂಪನಿಯ ಎಣ್ಣೆಡಬ್ಬಿ ಮುಖ್ಯವಾದದ್ದು. ಎಂಜಿನ್ನಿನ ಒಂದೊಂದು ಜಾಗಕ್ಕೂ ಬೇರೆ ಬೇರೆ ಕೊಳವೆಯಲ್ಲಿ ಹನಿ ಹನಿಯಾಗಿ ಎಣ್ಣೆ ದೂಡುವ ಪುಟ್ಟ ಪಂಪು ಅದು.  ಒಂದು ಕೊಳವೆ ಕಟ್ಟಿದರೂ ಆ ಬೇರಿಂಗ್ ಹೋಯಿತೆಂದೇ ಲೆಕ್ಕ. ಅದಕ್ಕೇ ಯಾವ ಕೆಲಸ ಬಾಕಿ ಉಳಿದರೂ ಎಣ್ಣೆಡಬ್ಬಿಯನ್ನು ಬಿಚ್ಚಿ ತೊಳೆದು, ಪ್ರತಿ ಕೊಳವೆಯ ತುದಿಯಲ್ಲೂ ಹನಿ ಬರುವುದನ್ನು ಕಣ್ಣಾರೆ ಕಾಣದೆ ಬಲ್ಲವರು ಬ್ಲೋ ಲ್ಯಾಂಪ್ ಹಚ್ಚುವುದಿಲ್ಲ.

ಚಾಲೂ ಮಾಡುವ ಕ್ರಮವೇ ಒಂದು ವಿದ್ಯೆ. ಕ್ರ್ಯಾಂಕ್‌ಕೇಸಿನ ತಳದಲ್ಲಿ ನಿಂತ ಎಣ್ಣೆಯನ್ನು ಬಸಿಯಬೇಕು. ಬಸಿಯದಿದ್ದರೆ ಎಂಜಿನ್ ಅದನ್ನೇ ಹೀರಿ, ವೇಗ ನಿಯಂತ್ರಿಸುವ ಗವರ್ನರಿನ ಹಿಡಿತಕ್ಕೆ ಸಿಗದೆ ವೇಗ ಏರಿಸಿಕೊಂಡು ಹೋಗುವ ಅಪಾಯವಿದೆ. ಬುರುಡೆಯನ್ನು ಹಲವು ನಿಮಿಷ ಕಾಯಿಸಿ, ಎಣ್ಣೆಡಬ್ಬಿಯನ್ನು ಕೈಯಿಂದ ತಿರುಗಿಸಿ, ಇಂಧನವನ್ನು ಕೈಪಂಪಿನಿಂದ ಒಂದೆರಡು ಸಲ ಕೊಡಬೇಕು. ಆಮೇಲೆ ಸ್ಟೀರಿಂಗ್ ಚಕ್ರವನ್ನು ಅದರ ದಂಡದ ಸಮೇತ ಕಿತ್ತು, ಪಕ್ಕದ ಫ್ಲೈವೀಲಿನ ನಡುವಿಗೆ ಸಿಕ್ಕಿಸಿ, ತೊಟ್ಟಿಲು ತೂಗಿದ ಹಾಗೆ ಆಚೀಚೆ ತೂಗಿ ಒತ್ತಡಕ್ಕೆ ತಾಗಿಸಬೇಕು. ಬೆಂಕಿ ಹತ್ತಿದ ಕ್ಷಣವೇ ದಂಡವನ್ನು ಹೊರಗೆಳೆಯದಿದ್ದರೆ ಅದು ಫ್ಲೈವೀಲಿನೊಂದಿಗೆ ಗಿರಕಿ ಹೊಡೆದು ಪಕ್ಕದಲ್ಲಿದ್ದವನ ಮೈಮೂಳೆ ಮುರಿಯುತ್ತದೆ. ಎಂಜಿನ್ ಉಲ್ಟಾ ದಿಕ್ಕಿನಲ್ಲಿ ಚಾಲೂ ಆಗಿರುವುದೂ ಉಂಟು. ನೋಡದೆ ಗೇರ್ ಹಾಕಿದವನು ಹಿಂದಿನ ಗೋಡೆಗೆ ಗುದ್ದುತ್ತಾನೆ.

ಬುಲ್‌ಡಾಗ್ ಗುಜರಿಯಿಂದ ಎದ್ದುಬರಲು ಅದರ ಸರಳ ರಚನೆ ಮೊದಲ ಕಾರಣ. ಎರಕದ ಮನೆ, ಒಳ್ಳೆಯ ಲೇತ್, ಒಬ್ಬ ಕುಶಲ ಕಮ್ಮಾರ ಇದ್ದರೆ ಇದರಲ್ಲಿ ಮಾಡಲಾಗದ ಭಾಗ ಕಡಿಮೆ. ಎರಡನೆಯ ಕಾರಣ ನಕಲುಗಳು. ಎರಡನೆಯ ಮಹಾಯುದ್ಧದ ನಂತರ ಪೋಲೆಂಡಿನ ಉರ್ಸುಸ್ ಕಾರ್ಖಾನೆ ಬುಲ್‌ಡಾಗಿನ ಪಡಿಯಚ್ಚಾದ ಸಿ-45 ಮಾದರಿಯನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ತಯಾರಿಸಿತು. ಫ್ರಾನ್ಸಿನ ಲ ಪೆರ್ಶೆರೋನ್, ಅರ್ಜೆಂಟೀನಾದ ಪಾಂಪಾ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಕೆಲ್ಲಿ ಅಂಡ್ ಲೂಯಿಸ್ ಕಂಪನಿ ಮಾಡಿದ ಕೆಎಲ್ ಬುಲ್‌ಡಾಗ್ ಇದೇ ಕುಲದವು. ಉರ್ಸುಸ್ ಬಿಡಿಭಾಗಗಳಿಂದ ಎಷ್ಟೋ ಲಾಂಟ್ಸ್‌ಗಳು ಬದುಕಿದವು. ಅದೇ ಹಾದಿಯಲ್ಲಿ ಮೋಸವೂ ನುಸುಳಿತು: ಉರ್ಸುಸ್ ಯಂತ್ರಕ್ಕೆ ನೀಲಿ ಬಣ್ಣ ಬಳಿದು, ಲಾಂಟ್ಸ್ ಫಲಕ ಹೊಡೆದು ಮಾರುವುದು. ಈಗ ಕೊಳ್ಳುವವರು ಬಣ್ಣವನ್ನಲ್ಲ, ಎರಕದಲ್ಲೇ ಮೂಡಿದ ಗುರುತುಗಳನ್ನೂ ಸರಣಿ ಸಂಖ್ಯೆಯನ್ನೂ ಪರೀಕ್ಷಿಸುತ್ತಾರೆ.

ಜರ್ಮನಿಯಲ್ಲಿ 1981ರಲ್ಲಿ ತೆರೆದ ಸಿನ್ಸ್‌ಹೈಮ್ ತಾಂತ್ರಿಕ ವಸ್ತುಸಂಗ್ರಹಾಲಯದಂಥ ಕಡೆಗಳಲ್ಲಿ ಬುಲ್‌ಡಾಗ್‌ಗಳು ಸಾಲಾಗಿ ನಿಂತ ಮೇಲೆ ಹಳ್ಳಿಗಳ ಹವ್ಯಾಸಕ್ಕೆ ಮರ್ಯಾದೆ ಬಂತು. 1997ರಲ್ಲಿ ಸರ್ಕಾರ ಹಳೆಯ ವಾಹನಗಳಿಗೆಂದೇ ಎಚ್ ಅಕ್ಷರದ ನಂಬರ್ ಪ್ಲೇಟ್ ಜಾರಿಗೆ ತಂದಿತು. 30 ವರ್ಷ ದಾಟಿರಬೇಕು, ಬಹುಮಟ್ಟಿಗೆ ಮೂಲರೂಪದಲ್ಲಿರಬೇಕು, ಸುಸ್ಥಿತಿಯಲ್ಲಿರಬೇಕು ಎಂಬುದು ಷರತ್ತು. 'ಮೂಲರೂಪ' ಮತ್ತು 'ಸುಸ್ಥಿತಿ' ಒಂದೇ ವಾಕ್ಯದಲ್ಲಿ ಸುಲಭವಾಗಿ ಕೂರುತ್ತವೆ, ಕಾರ್ಯಾಗಾರದಲ್ಲಿ ಮಾತ್ರ ಜಗಳವಾಡುತ್ತವೆ. ಹಳೆಯ ಬಣ್ಣವನ್ನೆಲ್ಲ ಮರಳು ಸಿಡಿಸಿ ಕಿತ್ತು, ಕಾರಿಗೆ ಬಳಿಯುವ ಹೊಳಪಿನ ಬಣ್ಣ ಹಚ್ಚಿದ ಬುಲ್‌ಡಾಗ್‌ಗಳು ಮೇಳಗಳಲ್ಲಿ ಬಹುಮಾನ ಗೆದ್ದಿವೆ. ಕಾರ್ಖಾನೆಯಿಂದ ಹೊರಟ ದಿನವೂ ಅವು ಅಷ್ಟು ಮಿರುಗಿರಲಾರವು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇರುವುದನ್ನು ಉಳಿಸುವುದಕ್ಕೆ ಮೊದಲ ಮಣೆ ಹಾಕಿತು, ಹೊಸದರಂತೆ ಮಾಡುವುದನ್ನು ಹಿಂದಕ್ಕೆ ಸರಿಸಿತು. ಸ್ಮಾರಕಗಳ ಕುರಿತ 1964ರ ವೆನಿಸ್ ಸನ್ನದಿನ ವಿಚಾರವನ್ನೇ ಅದು ವಾಹನಗಳಿಗೆ ಅನ್ವಯಿಸಿದೆ.

ಈ ತಕರಾರು ಹೆಚ್ಚು ಕಾಡುವುದು ಯುದ್ಧಕಾಲದ ಕಟ್ಟಿಗೆ-ಅನಿಲದ ಬುಲ್‌ಡಾಗ್‌ಗಳ ವಿಷಯದಲ್ಲಿ. ಎಣ್ಣೆಯೆಲ್ಲ ಸೈನ್ಯಕ್ಕೆ ಹೋಗತೊಡಗಿದಾಗ ಲಾಂಟ್ಸ್ ಕಟ್ಟಿಗೆಯನ್ನು ಅರೆಸುಟ್ಟಾಗ ಬರುವ ಅನಿಲದಿಂದ ಓಡುವ ಮಾದರಿಗಳನ್ನು ತಯಾರಿಸಿತು. ಯುದ್ಧ ಮುಗಿದು ಎಣ್ಣೆ ಸಿಗುತ್ತಲೇ ರೈತರು ಆ ಒಲೆ, ಕೊಳವೆಗಳನ್ನು ಕಿತ್ತೆಸೆದು ಎಣ್ಣೆಗೆ ಬದಲಾಯಿಸಿಕೊಂಡರು. ಹಾಗಾಗಿ ಪೂರ್ಣರೂಪದಲ್ಲಿ ಉಳಿದವು ತೀರ ವಿರಳ. ಈಗ ಕೆಲವರು ಹಾಗೆ ಬದಲಾದ ಯಂತ್ರಗಳಿಗೆ ಹೊಸದಾಗಿ ತಯಾರಿಸಿದ ಒಲೆ ಕೂರಿಸಿ ಹಿಂದಿನ ರೂಪಕ್ಕೆ ತರುತ್ತಿದ್ದಾರೆ. ಕೈಚಳಕ ಮೆಚ್ಚಬೇಕಾದದ್ದೇ. ಆದರೆ ಯುದ್ಧಾನಂತರದ ಬಡತನದಲ್ಲಿ ರೈತನೂ ಊರ ಕಮ್ಮಾರನೂ ಸೇರಿ ಮಾಡಿದ ಮಾರ್ಪಾಟೂ ಆ ಟ್ರ್ಯಾಕ್ಟರಿನ ಚರಿತ್ರೆಯೇ. ಹೊಸ ಒಲೆ ಬೇಕಾದರೆ ಇನ್ನೂ ನೂರು ಮಾಡಬಹುದು, ಕಿತ್ತುಹಾಕಿದ ಆ ಮಾರ್ಪಾಟು ಮತ್ತೆ ಸಿಗುವುದಿಲ್ಲ. ಎಣ್ಣೆಗೆ ಮಾರ್ಪಟ್ಟು ಓಡುತ್ತಿರುವ ಕಟ್ಟಿಗೆ-ಅನಿಲದ ಬುಲ್‌ಡಾಗನ್ನು ಇರುವ ಹಾಗೆಯೇ ದುರಸ್ತಿ ಮಾಡಿ ಇಟ್ಟುಕೊಳ್ಳುವುದೇ ಸರಿಯಾದ ಜೀರ್ಣೋದ್ಧಾರ.