ಸಿಗಡಿ ಟ್ರಾಲಿಂಗ್ ಮತ್ತು ಪಾಕ್ ಕೊಲ್ಲಿಯ ಕಡಲಹುಲ್ಲು

ತಮಿಳುನಾಡು ಮತ್ತು ಉತ್ತರ ಶ್ರೀಲಂಕಾದ ನಡುವಿನ ಪಾಕ್ ಕೊಲ್ಲಿ ಆಳ ಕಡಿಮೆಯಿರುವ, ಅಲೆಗಳ ಅಬ್ಬರವಿಲ್ಲದ ಕಡಲು. ಬಹುಭಾಗದಲ್ಲಿ ಆಳ 15 ಮೀಟರನ್ನೂ ಮುಟ್ಟುವುದಿಲ್ಲ. ಬಿಸಿಲು ತಳದವರೆಗೆ ಇಳಿಯುವುದರಿಂದ ಇಲ್ಲಿ ಕಡಲಹುಲ್ಲು ವಿಸ್ತಾರವಾಗಿ ಬೆಳೆದಿದೆ. ಸಿಗಡಿಗಾಗಿ ತಳ ಗೋರುವ ಟ್ರಾಲ್ ಬಲೆಗಳು ಈ ಹುಲ್ಲುಗಾವಲಿಗೆ ದೊಡ್ಡ ಅಪಾಯವಾಗಿವೆ.

ನೆಲೆಯ ಮಹತ್ವ: ಕಡಲಹುಲ್ಲು ಪಾಚಿಯಲ್ಲ, ಬೇರು, ಎಲೆ, ಹೂವುಗಳಿರುವ ಸಸ್ಯ. ಮಣ್ಣಿನಡಿ ಹಬ್ಬುವ ಇದರ ಕಾಂಡ ತಳವನ್ನು ಹಿಡಿದಿಡುತ್ತದೆ. ಎಲೆಗಳ ಮರೆಯಲ್ಲಿ ಮೀನು, ಏಡಿಗಳ ಮರಿಗಳು ಮತ್ತು ಕಡಲಕುದುರೆಗಳು ಆಸರೆ ಪಡೆಯುತ್ತವೆ. ಅಳಿವಿನ ಅಂಚಿನಲ್ಲಿರುವ ಕಡಲಹಸುವಿಗೆ ಇದೇ ಮೇವು. ಈ ಕೊಲ್ಲಿಯ ಮುಖ್ಯ ಫಸಲಾದ ಹಸಿರು ಹುಲಿ ಸಿಗಡಿಯ ಮರಿಗಳು ಬೆಳೆಯುವುದೂ ಇಲ್ಲಿಯೇ.

ಹಾನಿಯ ಬಗೆ: ಟ್ರಾಲ್ ಬಲೆಯ ಬಾಯಿಯನ್ನು ಎರಡು ಭಾರದ ಹಲಗೆಗಳು ಅಗಲಿಸಿ ಹಿಡಿಯುತ್ತವೆ. ಕೆಳಗಿನ ಹಗ್ಗದ ಸರಪಳಿ ನೆಲ ಉಜ್ಜುತ್ತ ಸಾಗಿ, ಮಣ್ಣಿನಲ್ಲಿ ಹುದುಗಿದ ಸಿಗಡಿಯನ್ನು ಎಬ್ಬಿಸುತ್ತದೆ. ಅದೇ ಎಳೆತಕ್ಕೆ ಎಲೆಗಳು ಹರಿಯುತ್ತವೆ, ಕಾಂಡ ಬೇರುಸಹಿತ ಕಿತ್ತುಬರುತ್ತದೆ. ಎದ್ದ ಕೆಸರು ನೀರನ್ನು ಕದಡಿ, ಉಳಿದ ಹುಲ್ಲಿಗೂ ಬೆಳಕು ತಪ್ಪಿಸುತ್ತದೆ. ಸಿಗಡಿಗೆಂದು ಹೆಣೆದ ಬಲೆಯ ಕಣ್ಣು ಸಣ್ಣದಾದ್ದರಿಂದ ಮೀನುಮರಿಗಳೂ ತಪ್ಪಿಸಿಕೊಳ್ಳುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2005ರ ವರದಿಯ ಪ್ರಕಾರ, ಹಿಡಿದದ್ದರಲ್ಲಿ ಮರಳಿ ಕಡಲಿಗೆ ಎಸೆಯುವ ಪಾಲು ಅತಿ ಹೆಚ್ಚಾಗಿರುವುದು ಉಷ್ಣವಲಯದ ಸಿಗಡಿ ಟ್ರಾಲಿಂಗ್‌ನಲ್ಲಿ. ಆದರೆ ಭಾರತದಲ್ಲಿ ಇಂಥ ಸಣ್ಣ ಮೀನಿನ ಬಹುಪಾಲು ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುತ್ತದೆ. ಬೆಳೆದು ಊಟದ ತಟ್ಟೆಗೆ ಬರಬೇಕಾದ ಮೀನು ಮರಿಯಾಗಿರುವಾಗಲೇ ಮುಗಿದುಹೋಗುತ್ತದೆ.

ನಿಯಂತ್ರಣ: ತಮಿಳುನಾಡಿನ 1983ರ ಕಡಲ ಮೀನುಗಾರಿಕೆ ಕಾಯಿದೆ ದಡಕ್ಕೆ ಹತ್ತಿರದ ನೀರನ್ನು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲಿಟ್ಟಿದೆ. ಶ್ರೀಲಂಕಾ 2017ರಲ್ಲಿ ತಳ ಟ್ರಾಲಿಂಗನ್ನೇ ನಿಷೇಧಿಸಿತು. ಅದೇ ವರ್ಷ ಪಾಕ್ ಕೊಲ್ಲಿಯ ಭಾರತೀಯ ಟ್ರಾಲರ್‌ಗಳ ಬದಲು ಆಳಸಮುದ್ರದ ದೋಣಿಗಳನ್ನು ಒದಗಿಸುವ ಯೋಜನೆ ಆರಂಭವಾಯಿತು. 2022ರಲ್ಲಿ ತಂಜಾವೂರು, ಪುದುಕೋಟೆ ಜಿಲ್ಲೆಗಳ ಕಡಲಿನಲ್ಲಿ 448 ಚದರ ಕಿ.ಮೀ. ಪ್ರದೇಶವನ್ನು ದೇಶದ ಮೊದಲ ಕಡಲಹಸು ಸಂರಕ್ಷಣಾ ಮೀಸಲಾಗಿ ಘೋಷಿಸಲಾಯಿತು.

ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ ಇದೆ. ಇದು ಮೀನಿನ ಸಂತಾನಕ್ಕೆ ನೆರವಾಗುತ್ತದೆ. ಆದರೆ ಬೇರುಸಹಿತ ಕಿತ್ತುಹೋದ ಹುಲ್ಲು ಮತ್ತೆ ಹಬ್ಬಲು ವರ್ಷಗಳೇ ಬೇಕಾಗಬಹುದು. ಹುಲ್ಲು ಬೆಳೆದ ತಳಕ್ಕೆ ವರ್ಷವಿಡೀ ಟ್ರಾಲ್ ಬಲೆ ಇಳಿಯದಂತೆ ನೋಡಿಕೊಂಡರೆ ಮಾತ್ರ ಅಲ್ಲಿನ ಸಿಗಡಿಯೂ ಅದನ್ನು ನಂಬಿದ ಬದುಕುಗಳೂ ಉಳಿಯುತ್ತವೆ.