ಹಾಡಿನ ಪೆಟ್ಟಿಗೆಯೂ ಪೆನ್‌ಡ್ರೈವೂ: ಒಂದು ಸಂಪರ್ಕದ ಚರಿತ್ರೆ

ಗುಂಡ್ಲುಪೇಟೆಯ ಒಂದು ಕಲ್ಯಾಣ ಮಂಟಪ. ಆರತಕ್ಷತೆಯ ಸಂಜೆ. ವೇದಿಕೆಯ ಪಕ್ಕದಲ್ಲಿ ಎರಡು ಡಿಜೆ ಪ್ಲೇಯರ್‌ಗಳು, ನಡುವೆ ಒಂದು ಮಿಕ್ಸರ್, ಆಚೀಚೆ ಆಳೆತ್ತರದ ಸ್ಪೀಕರ್‌ಗಳು. ಎಲ್ಲವೂ ಸಿದ್ಧವಾಗಿದ್ದರೂ ಹಾಡು ಮಾತ್ರ ಬರುತ್ತಿರಲಿಲ್ಲ. ಸೌಂಡ್ಸ್‌ನ ಹುಡುಗ ಪೆನ್‌ಡ್ರೈವನ್ನು ತೆಗೆದು, ಬಾಯಿಂದ ಊದಿ, ಮತ್ತೆ ಮತ್ತೆ ಚುಚ್ಚಿ ನೋಡುತ್ತಿದ್ದ. ನಾನು ಭೌತವಿಜ್ಞಾನದ ಮೇಷ್ಟ್ರು ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. "ಹೊಸ ಪೆನ್‌ಡ್ರೈವ್ ಸಾ, ಅರವತ್ನಾಕು ಜೀಬಿ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓದ್ತದ. ಇದರಲ್ಲಿ ಮಾತ್ರ ಬರದೇ ಇಲ್ಲ" ಎಂದ. ಪಕ್ಕದಲ್ಲಿದ್ದವರೊಬ್ಬರು "ಫಾರ್ಮ್ಯಾಟ್ ಮಾಡ್ಬುಡು, ಸರಿಹೋಯ್ತದ" ಎಂದು ಸಲಹೆ ಕೊಟ್ಟರು. ಹುಡುಗ ಹಿಂಜರಿದ. ಸಿನಿಮಾ ಹಾಡುಗಳ ಜೊತೆಗೆ ಅದರಲ್ಲಿ ಅವನ ಸೋದರಮಾವ ಹಾಡಿದ್ದ ನೀಲಗಾರರ ಪದಗಳಿದ್ದವು. ಹಾಡಿದವರು ಈಗಿಲ್ಲ, ಬೇರೆ ಪ್ರತಿಯೂ ಇಲ್ಲ.

ಲ್ಯಾಪ್‌ಟಾಪ್ ಓದುವುದನ್ನು ಪ್ಲೇಯರ್ ಏಕೆ ಓದುವುದಿಲ್ಲ? ಇದಕ್ಕೆ ಉತ್ತರ ಆ ಸಂಪರ್ಕದ ಚರಿತ್ರೆಯಲ್ಲಿದೆ. ಪೆನ್‌ಡ್ರೈವಿನ ವಿಷಯ ಸದ್ಯಕ್ಕೆ ಹಾಗಿರಲಿ, ಸ್ವಲ್ಪ ಹಿಂದಕ್ಕೆ ಹೋಗೋಣ.

ಚಾಮರಾಜನಗರದ ಕಡೆ ಹಿರಿಯರನ್ನು ಕೇಳಿದರೆ 'ಮೈಕ್ ಸೆಟ್' ಕಾಲವನ್ನು ನೆನೆಯುತ್ತಾರೆ. ಮರಕ್ಕೆ ಕಟ್ಟಿದ ತುತ್ತೂರಿಯಾಕಾರದ ಧ್ವನಿವರ್ಧಕ, ಒಂದು ಆಂಪ್ಲಿಫೈಯರ್, ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆ. ತಟ್ಟೆಯ ಗಾಡಿಯಲ್ಲಿ ಸೂಜಿ ಅಲುಗಿದಂತೆ ಪಿಕಪ್‌ನಲ್ಲಿ ಅತ್ಯಲ್ಪ ವೋಲ್ಟೇಜ್ ಹುಟ್ಟುತ್ತದೆ. ಆಯಸ್ಕಾಂತ ಬಳಸುವ ಪಿಕಪ್‌ನಲ್ಲಿ ಅದು ಕೆಲವೇ ಮಿಲಿವೋಲ್ಟ್. ಅದನ್ನು ಎರಡು ತಂತಿಗಳು ಆಂಪ್ಲಿಫೈಯರ್‌ಗೆ ಒಯ್ಯುತ್ತವೆ. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ತಂತಿಯಲ್ಲಿ ಹರಿಯುತ್ತಿದ್ದುದು ಹಾಡೇ. ಶಬ್ದದ ಏರಿಳಿತವೇ ವೋಲ್ಟೇಜಿನ ಏರಿಳಿತ. ಆಂಪ್ಲಿಫೈಯರ್ ನೀನು ಯಾರು ಎಂದು ಸೂಜಿಯನ್ನು ಕೇಳುತ್ತಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ ನಮ್ಮ ಊರುಗಳಿಗೆ ಬಂದಾಗಲೂ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಮುಂದೆ ಇಲ್ಲಿಗೆ ತಲುಪಿದಾಗಲೂ ಪೆಟ್ಟಿಗೆ ಬದಲಾಯಿತೇ ಹೊರತು ಹಿಂದಿನ ತಂತಿಗಳ ಕೆಲಸ ಬದಲಾಗಲಿಲ್ಲ. ತಂತಿ ತುಂಡಾಗಿದ್ದರೆ ಹಾಡಿಲ್ಲ, ಸಡಿಲವಾಗಿದ್ದರೆ ಗೊರಗೊರ. ದೋಷ ಕಿವಿಗೇ ಕೇಳುತ್ತಿತ್ತು, ಒಂದು ಬೆಸುಗೆ ಕಡ್ಡಿ ಇದ್ದರೆ ದುರಸ್ತಿಯೂ ಆಗುತ್ತಿತ್ತು.

ಡಿಜೆಗಳ ಲೋಕದ ಕಥೆಯೂ ಇದೇ. ಜಪಾನಿನ ಮತ್ಸುಶಿಟಾ ಕಂಪನಿಯ ಟೆಕ್ನಿಕ್ಸ್ ಎಸ್ಎಲ್-1200 ಎಂಬ ತಿರುಗುಮಣೆ 1972ರಲ್ಲಿ ಬಂತು. ಮೋಟಾರಿಗೂ ತಟ್ಟೆಗೂ ನಡುವೆ ಪಟ್ಟಿಯಿಲ್ಲದ ಕಾರಣ ಅದನ್ನು ಕೈಯಿಂದ ಹಿಡಿದು ಬಿಟ್ಟರೂ ಕೂಡಲೇ ವೇಗಕ್ಕೆ ಬರುತ್ತಿತ್ತು. 1994ರಲ್ಲಿ ಪಯೋನಿಯರ್ ಕಂಪನಿ ಸಿಡಿಜೆ-500 ಎಂಬ ಮಾದರಿಯಲ್ಲಿ ಇದೇ ಕೈಚಳಕವನ್ನು ಸಿಡಿಗೆ ತರಲು ಯತ್ನಿಸಿತು.

ಕಾಕತಾಳೀಯವೆಂಬಂತೆ ಅದೇ 1994ರಲ್ಲಿ ಬೇರೊಂದು ಕೆಲಸ ಆರಂಭವಾಯಿತು. ಆಗ ಕಂಪ್ಯೂಟರಿನ ಹಿಂಬದಿ ನೋಡಿದವರಿಗೆ ನೆನಪಿರಬಹುದು: ಮೌಸ್‌ಗೆ ಒಂದು ಕಿಂಡಿ, ಕೀಲಿಮಣೆಗೆ ಇನ್ನೊಂದು, ಪ್ರಿಂಟರಿಗೆ ಅಗಲವಾದ ಮತ್ತೊಂದು. ಈ ಗೊಂದಲವನ್ನು ಕೊನೆಗಾಣಿಸಲು ಕಾಂಪ್ಯಾಕ್, ಡಿಜಿಟಲ್ ಇಕ್ವಿಪ್‌ಮೆಂಟ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್ಇಸಿ ಮತ್ತು ನಾರ್ಟೆಲ್ ಎಂಬ ಏಳು ಕಂಪನಿಗಳು ಕೂಡಿದವು. ಇಂಟೆಲ್‌ನ ತಂಡದಲ್ಲಿ ಮುಂಚೂಣಿಯಲ್ಲಿದ್ದವರು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. ಯುಎಸ್‌ಬಿಯ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಪ್ರಕಟವಾಯಿತು. ಅದರ ವೇಗ ಸೆಕೆಂಡಿಗೆ 1.5 ಅಥವಾ 12 ಮೆಗಾಬಿಟ್. 2000ದ ಏಪ್ರಿಲ್‌ನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ 480 ಮೆಗಾಬಿಟ್.

ವೇಗಕ್ಕಿಂತ ಮುಖ್ಯವಾದ ತೀರ್ಮಾನ ಬೇರೆಯೇ ಇತ್ತು. ಸಂಪರ್ಕದ ಎರಡು ತುದಿಗಳು ಸಮಾನವಲ್ಲ. ಒಂದು ತುದಿಯದು ಆತಿಥೇಯ, ಇನ್ನೊಂದು ತುದಿಯದು ಉಪಕರಣ. ನಮ್ಮ ತರಗತಿಯ ಹಾಜರಿಯಂತೆ, ಆತಿಥೇಯ ಕೂಗಿದಾಗ ಮಾತ್ರ ಉಪಕರಣ ಉತ್ತರಿಸಬೇಕು; ತಾನಾಗಿ ಬಾಯಿ ತೆರೆಯುವಂತಿಲ್ಲ. ಬುದ್ಧಿಯ ಭಾರವನ್ನೆಲ್ಲ ಆತಿಥೇಯನ ಮೇಲೆ ಹೊರಿಸಿದ್ದರಿಂದಲೇ ಮೌಸ್‌ನಂಥ ಉಪಕರಣ ಅಗ್ಗವಾಗಲು ಸಾಧ್ಯವಾಯಿತು. ಇಬ್ಬರು ಆತಿಥೇಯರನ್ನು ತಪ್ಪಿ ಜೋಡಿಸದಂತೆ ಎರಡು ತುದಿಗಳಿಗೆ ಎರಡು ಆಕಾರ ಕೊಟ್ಟರು: ಚಪ್ಪಟೆಯಾದ 'ಎ', ಚೌಕಾಕಾರದ 'ಬಿ'.

ಪೆನ್‌ಡ್ರೈವ್ ಚುಚ್ಚಿದ ಕ್ಷಣದಲ್ಲಿ ಏನಾಗುತ್ತದೆ? ಒಳಗೆ ನಾಲ್ಕು ಲೋಹದ ಪಟ್ಟಿಗಳಿರುವುದನ್ನು ನೀವೇ ನೋಡಬಹುದು. ಅಂಚಿನ ಎರಡು ಪಟ್ಟಿಗಳು ನಡುವಿನವುಗಳಿಗಿಂತ ತುಸು ಉದ್ದ. ಅಂಚಿನವು 5 ವೋಲ್ಟ್ ಮತ್ತು ಭೂಮಿ, ನಡುವಿನವು ದತ್ತಾಂಶಕ್ಕೆ. ಮೊದಲು ವಿದ್ಯುತ್, ಆಮೇಲೆ ಮಾತು ಎಂಬ ಕ್ರಮವನ್ನು ಲೋಹದ ಉದ್ದದಲ್ಲೇ ಬರೆದಿಟ್ಟಿದ್ದಾರೆ. ಪೆನ್‌ಡ್ರೈವ್ 1.5 ಕಿಲೋಓಮ್‌ನ ಒಂದು ರೋಧಕದ ಮೂಲಕ ಡಿ-ಪ್ಲಸ್ ತಂತಿಯನ್ನು 3.3 ವೋಲ್ಟ್‌ನತ್ತ ಎಳೆಯುತ್ತದೆ. ಆತಿಥೇಯನ ಕಡೆ ಅದೇ ತಂತಿ 15 ಕಿಲೋಓಮ್ ಮೂಲಕ ಭೂಮಿಗೆ ಸೇರಿರುತ್ತದೆ. ವೋಲ್ಟೇಜ್ ವಿಭಜನೆಯ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿಗೆ ಕೊಡಿ: ತಂತಿಯಲ್ಲಿ ಸುಮಾರು 3 ವೋಲ್ಟ್ ಬರುತ್ತದೆ. 'ಯಾರೋ ಬಂದರು' ಎಂದು ಪ್ಲೇಯರಿಗೆ ತಿಳಿಯುವುದು ಇಷ್ಟರಿಂದಲೇ. ಬಳಿಕ ಅದು ಹೊಸಬನಿಗೆ 1ರಿಂದ 127ರೊಳಗಿನ ಒಂದು ಸಂಖ್ಯೆ ಕೊಟ್ಟು, ನೀನು ಯಾವ ವರ್ಗ, ಎಷ್ಟು ವಿದ್ಯುತ್ ಬೇಕು ಎಂದು ವಿಚಾರಿಸುತ್ತದೆ. ಹಾಡಿನ ಮಾತು ಇನ್ನೂ ಬಂದಿಲ್ಲ!

ಡಿಜೆ ಪ್ಲೇಯರ್‌ಗಳಲ್ಲಿ ಈ ಕಿಂಡಿ ಕಾಣಿಸಿಕೊಂಡದ್ದು ತಡವಾಗಿ. ಪಯೋನಿಯರ್‌ನ ಸಿಡಿಜೆ-400 2007ರಲ್ಲಿ, ದೊಡ್ಡ ಮಾದರಿಯಾದ ಸಿಡಿಜೆ-2000 2009ರಲ್ಲಿ ಯುಎಸ್‌ಬಿ ಸ್ಮೃತಿಯಿಂದ ಹಾಡು ನುಡಿಸತೊಡಗಿದವು. ಸಾಮಾನ್ಯವಾಗಿ ಕಂಪ್ಯೂಟರ್ ವಹಿಸುವ ಆತಿಥೇಯನ ಪಾತ್ರವನ್ನು ಇಲ್ಲಿ ಪ್ಲೇಯರ್ ವಹಿಸಿಕೊಂಡಿತು. ಇಂಥ ಪ್ಲೇಯರ್‌ನಲ್ಲಿ ಸಾಮಾನ್ಯವಾಗಿ ಎರಡು ಕಿಂಡಿಗಳಿರುತ್ತವೆ. ಪೆನ್‌ಡ್ರೈವಿಗೆಂದು ಕೊಟ್ಟ 'ಎ' ಕಿಂಡಿಯಲ್ಲಿ ಅದು ಯಜಮಾನ, ಹಿಂಬದಿಯ 'ಬಿ' ಕಿಂಡಿಯಲ್ಲಿ ಲ್ಯಾಪ್‌ಟಾಪಿನ ಆಳು. ಪೆನ್‌ಡ್ರೈವಿನ ಕಿಂಡಿಗೇ ಲ್ಯಾಪ್‌ಟಾಪನ್ನು ಕಟ್ಟಲು ಹೊರಟವರನ್ನು ನಾನು ಕಂಡಿದ್ದೇನೆ. ಅದು ಇಬ್ಬರು ಮೇಷ್ಟ್ರುಗಳು ಪರಸ್ಪರ ಹಾಜರಿ ಕೂಗಿದಂತೆ.

ವಿದ್ಯುತ್ತಿಗೂ ಮಿತಿ ಇದೆ. ಎರಡನೆಯ ಆವೃತ್ತಿಯ ನಿಯಮದಂತೆ ಪರಿಚಯ ಮುಗಿಯುವವರೆಗೆ 100 ಮಿಲಿಆಂಪಿಯರ್, ಅನಂತರ ಹೆಚ್ಚೆಂದರೆ 500, ಅಂದರೆ 2.5 ವ್ಯಾಟ್. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಚಾಲೂ ಆಗುವಾಗ ಇದಕ್ಕಿಂತ ಹೆಚ್ಚು ಕೇಳುವುದುಂಟು. ಆಗ ಅದು ಟಿಕ್ ಟಿಕ್ ಎನ್ನುತ್ತಾ ನಿಂತಲ್ಲೇ ನಿಲ್ಲುತ್ತದೆ. ಒಂದೇ ಕಿಂಡಿಗೆ ಹಬ್ ಹಾಕಿ ಎರಡು ಮೂರು ಸಾಧನ ಜೋಡಿಸಿದರೆ ಇಷ್ಟನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಹಬ್ ಬಳಸಬೇಡಿ ಎಂದು ಅನೇಕ ಪ್ಲೇಯರ್‌ಗಳ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಓದುವವರು ಯಾರು?

ಇನ್ನು ಹಾಡು. ಸಿಡಿಯ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಮಾದರಿ, ಪ್ರತಿಯೊಂದಕ್ಕೆ 16 ಬಿಟ್, ಎರಡು ವಾಹಿನಿ; ಗುಣಿಸಿದರೆ 14,11,200 ಬಿಟ್. ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಮೆಗಾಬೈಟ್. 320 ಕಿಲೋಬಿಟ್‌ನ ಎಂಪಿ3 ಆದರೆ 9.6 ಮೆಗಾಬೈಟ್ ಸಾಕು. 480 ಮೆಗಾಬಿಟ್‌ನ ದಾರಿಗೆ ಇದೇನೂ ಭಾರವಲ್ಲ. ಪ್ಲೇಯರ್ ಹಾಡನ್ನು ಮುಂಚಿತವಾಗಿಯೇ ತುಂಡು ತುಂಡಾಗಿ ತರಿಸಿ ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ತುಂಡು ಕೆಟ್ಟು ಬಂದರೆ ಮತ್ತೆ ಕೇಳುತ್ತದೆ. ಹೀಗಾಗಿ ನಡುವೆ ಪೆನ್‌ಡ್ರೈವ್ ಕಿತ್ತರೂ ಕೆಲವು ಪ್ಲೇಯರ್‌ಗಳು ಕೈಯಲ್ಲಿರುವ ಕೊನೆಯ ಕೆಲವು ತಾಳಗಳನ್ನೇ ಸುತ್ತಿ ಸುತ್ತಿ ನುಡಿಸುತ್ತವೆ. ಹಳೆಯ ತಂತಿ ಎಳೆದಿದ್ದರೆ ಆ ಕ್ಷಣವೇ ಮೌನ. ಈಗ ಕಿಂಡಿಯ ಮೂಲಕ ಬರುತ್ತಿರುವುದು ಹಾಡಲ್ಲ, ಹಾಡಿನ ಕಡತ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಡತವೆಂದ ಮೇಲೆ ಅದನ್ನು ಜೋಡಿಸಿಟ್ಟ ಕ್ರಮವೂ ಪ್ಲೇಯರಿಗೆ ಗೊತ್ತಿರಬೇಕು. ಗುಂಡ್ಲುಪೇಟೆಯ ತೊಡಕು ಇದ್ದದ್ದು ಇಲ್ಲಿಯೇ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಡನೆ ಬಂದ ಫ್ಯಾಟ್32 ಎಂಬ ಕ್ರಮವನ್ನು ಬಹುತೇಕ ಎಲ್ಲ ಪ್ಲೇಯರ್‌ಗಳೂ ಬಲ್ಲವು. ಆದರೆ ವಿಂಡೋಸ್‌ನ ಸ್ವಂತ ಫಾರ್ಮ್ಯಾಟ್ ಸವಲತ್ತು 32 ಜಿಬಿಗಿಂತ ದೊಡ್ಡದನ್ನು ಫ್ಯಾಟ್32 ಆಗಿ ಸಿದ್ಧಪಡಿಸಲು ಬಹುಕಾಲ ಒಪ್ಪುತ್ತಿರಲಿಲ್ಲ. ದೊಡ್ಡ ಪೆನ್‌ಡ್ರೈವ್‌ಗಳು ಹೆಚ್ಚಾಗಿ 2006ರ ಎಕ್ಸ್‌ಫ್ಯಾಟ್ ಕ್ರಮದಲ್ಲೇ ಅಂಗಡಿಗೆ ಬರುತ್ತವೆ. ಅದರ ವಿವರಗಳನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಪ್ರಕಟಿಸಿದ್ದು 2019ರಲ್ಲಿ. ಅದಕ್ಕೂ ಮುಂಚಿನ ಎಷ್ಟೋ ಪ್ಲೇಯರ್‌ಗಳಿಗೆ ಈ ಲಿಪಿ ಬಾರದು. ಹುಡುಗನ ಪ್ಲೇಯರ್ ಪೆನ್‌ಡ್ರೈವನ್ನು ಗುರುತಿಸಿತ್ತು, ವಿದ್ಯುತ್ತನ್ನೂ ಕೊಟ್ಟಿತ್ತು. ಒಳಗಿನ ಪುಟವನ್ನು ಓದಲಾರದೆ ನಿಂತಿತ್ತು, ಅಷ್ಟೆ. ಊದಿದರೆ ಹೋಗುವ ದೂಳಲ್ಲ ಅದು.

ಫಾರ್ಮ್ಯಾಟ್ ಮಾಡಿದ್ದರೆ? ಹೊಸ ವಿಷಯಸೂಚಿ ಬರೆಯಲಾಗುತ್ತಿತ್ತು, ಹಳೆಯ ಸೂಚಿ ಹೋಗುತ್ತಿತ್ತು. ಅದರ ಮೇಲೆ ಹೊಸ ಹಾಡುಗಳನ್ನು ತುಂಬಿದ್ದರೆ ಮಾವನ ಪದಗಳನ್ನು ಯಾವ ತಂತ್ರಾಂಶವೂ ಮರಳಿ ತರುತ್ತಿರಲಿಲ್ಲ. ಇನ್ನೊಂದು ಮಾತು. ತೋಷಿಬಾದ ಫುಜಿಯೋ ಮಸುಒಕಾ 1984ರಲ್ಲಿ ಲೋಕಕ್ಕೆ ಪರಿಚಯಿಸಿದ ಫ್ಲ್ಯಾಶ್ ಸ್ಮೃತಿಯಲ್ಲಿ ಪ್ರತಿಯೊಂದು ಬಿಟ್ಟೂ ನಿರೋಧಕದ ತೆಳುಪೊರೆಯೊಳಗೆ ಸೆರೆಯಾದ ಎಲೆಕ್ಟ್ರಾನುಗಳು. ಸೆರೆ ಬಿಗಿಯಾದುದೇ, ಆದರೆ ಶಾಶ್ವತವಲ್ಲ. ವರ್ಷಗಳು ಕಳೆದಂತೆ, ಬಿಸಿಯಲ್ಲಿ ಇನ್ನೂ ಬೇಗ, ಅವು ಸೋರುತ್ತವೆ. ಗೂಡ್ಸ್ ವಾಹನದ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಕಾಯುವ ಪೆನ್‌ಡ್ರೈವ್ ಏಕೈಕ ಪ್ರತಿಯನ್ನು ಇಡುವ ಜಾಗವಲ್ಲ.

ಅಂದು ಮಾಡಿದ್ದು ಇಷ್ಟು: 64 ಜಿಬಿಯಲ್ಲಿದ್ದುದನ್ನು ಪೂರ್ತಿ ಲ್ಯಾಪ್‌ಟಾಪಿಗೆ ನಕಲಿಸಿದೆವು. ಹುಡುಗನ ಚೀಲದ ತಳದಲ್ಲಿ 8 ಜಿಬಿಯ ಹಳೆಯದೊಂದು ಪೆನ್‌ಡ್ರೈವ್ ಸಿಕ್ಕಿತು, ಫ್ಯಾಟ್32. ಮೇಲಿನ ಲೆಕ್ಕದಂತೆ ಅದಕ್ಕೆ ಎಂಟುನೂರು ಹಾಡು ಹಿಡಿಯುತ್ತವೆ, ನಲವತ್ತು ಹಾಕಿದೆವು. ಚುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ಪ್ಲೇಯರಿನ ಪರದೆಯ ಮೇಲೆ ಪಟ್ಟಿ ಮೂಡಿತು. ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಸ್ಪೀಕರ್‌ಗಳು ಎಷ್ಟು ಜೋರಾಗಿ ನುಡಿಯತೊಡಗಿದವೆಂದರೆ, ಹುಡುಗ ನನಗೆ ಏನು ಹೇಳಿದನೆಂಬುದು ಕೇಳಿಸಲಿಲ್ಲ. ಕೈಯಲ್ಲಿದ್ದ 64 ಜಿಬಿಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡದ್ದನ್ನು ಮಾತ್ರ ನೋಡಿದೆ.