ಗರೀಬರು, ಮುಲ್ಕಿಗಳು ಮತ್ತು ಒಂದು ವರ್ಷದ ವೀಸಾ

ಕಲಬುರಗಿಯಲ್ಲಿ ಕುಳಿತು ಆಳಿದ ಬಹಮನಿ ಸುಲ್ತಾನ ಫಿರೂಜ್ ಷಾ (1397–1422) ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದನಂತೆ. ಸರಕು ತರುವುದು ಒಂದು ಉದ್ದೇಶ, ವಿದ್ವಾಂಸರನ್ನೂ ಕುಶಲಿಗಳನ್ನೂ ಕರೆತರುವುದು ಇನ್ನೊಂದು. ಇದನ್ನು ಬರೆದಿಟ್ಟವನು ಇತಿಹಾಸಕಾರ ಫಿರಿಶ್ತಾ. ಅವನೂ ಕ್ಯಾಸ್ಪಿಯನ್ ಸೀಮೆಯ ಅಸ್ತರಾಬಾದಿನವನು. ಮೊದಲು ಅಹಮದನಗರದಲ್ಲಿ, ಆಮೇಲೆ ಬಿಜಾಪುರದಲ್ಲಿ ಚಾಕರಿ ಹಿಡಿದವನು. ಪರದೇಶಿಗಳ ಬಗ್ಗೆ ಅವನು ಹೊಗಳಿ ಬರೆದದ್ದನ್ನು ತುಸು ತಡೆದೇ ಓದಬೇಕು. ಆದರೂ ಆ ಹಡಗುಗಳ ವಿಷಯ ನಂಬುವಂಥದ್ದು, ಯಾಕೆಂದರೆ ಅವುಗಳಲ್ಲಿ ಬಂದವರ ಗೋರಿ, ಮಸೀದಿ, ಮದರಸಾಗಳು ಇಲ್ಲೇ ಇವೆ.

ನಮ್ಮ ಮಹಾಗಾಂವ ಇರುವುದು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ. ಮುಂದೆ ಕೆಂಪು ಬಾಳೆಹಣ್ಣಿನ ಕಮಲಾಪುರ, ಅದರಾಚೆ ಹುಮನಾಬಾದ್. ಅಲ್ಲಿಂದ ಒಂದು ದಾರಿ ಬಸವಕಲ್ಯಾಣಕ್ಕೆ, ಇನ್ನೊಂದು ಬೀದರಿಗೆ. ಕಲಬುರಗಿ, ಕಲ್ಯಾಣ, ಬೀದರ ಮೂರೂ ಒಂದೊಂದು ಕಾಲದ ರಾಜಧಾನಿಗಳು. ದೂರದಿಂದ ಕೆಲಸಕ್ಕಾಗಿ ಬಂದವರ ಚರಿತ್ರೆ ಈ ಸೀಮೆಗೆ ಹೊಸದಲ್ಲ. ಹೊಸದು ಏನೆಂದರೆ, ಕೆಲಸವನ್ನು ಜೊತೆಗೇ ಕಟ್ಟಿಕೊಂಡು ಇಲ್ಲಿಂದ ಹೊರಗೆ ಹೋಗುವುದು.

ನನ್ನ ಅಕ್ಕನ ಮಗ ಕೊರೋನಾ ಕಾಲದಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದವನು ಮನೆಯಲ್ಲೇ ಕುಳಿತು ಅಮೆರಿಕದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ. ಈಗ ಎಸ್ಟೋನಿಯಾ ದೇಶದ ಡಿಜಿಟಲ್ ನೊಮ್ಯಾಡ್ ವೀಸಾಕ್ಕೆ ಅರ್ಜಿ ಹಾಕಿದ್ದಾನೆ. ಅಲ್ಲಿಯವರು ನಿನ್ನನ್ನು ಯಾಕೆ ಬಿಟ್ಟುಕೊಳ್ಳುತ್ತಾರೆ ಎಂದು ಕೇಳಿದೆ. “ಮಾಮಾ, ನಾ ಏನ್ ಅವರ ನೌಕರಿ ಕಸಗೊಳ್ಳಾಕ ಹೊಂಟಿಲ್ಲ. ಕೆಲಸ ಅದೇ, ಪಗಾರ ಅದೇ. ಕೂಡೋ ಜಾಗ ಅಷ್ಟೇ ಬ್ಯಾರೆ” ಎಂದ. ಪಕ್ಕದಲ್ಲಿ ತೊಗರಿಬ್ಯಾಳಿ ಹಸನು ಮಾಡುತ್ತಿದ್ದ ಅಕ್ಕ ತಲೆ ಎತ್ತದೆ, “ಅಲ್ಲಿ ಕೆಲಸ ಇಲ್ಲಂದ್ರ ಅಲ್ಲಿಗ್ಯಾಕ ಹೋಗ್ಬೇಕು?” ಎಂದಳು. ಅವನು ನಕ್ಕ. ನನಗೆ ಅದು ನಗುವ ಪ್ರಶ್ನೆ ಅನ್ನಿಸಲಿಲ್ಲ.

‘ಡಿಜಿಟಲ್ ನೊಮ್ಯಾಡ್’ ಎಂಬ ಹೆಸರಿನಲ್ಲಿ ತ್ಸುಗಿಯೋ ಮಾಕಿಮೋಟೋ ಮತ್ತು ಡೇವಿಡ್ ಮ್ಯಾನರ್ಸ್ ಪುಸ್ತಕ ಬರೆದದ್ದು 1997ರಲ್ಲಿ. ಸರ್ಕಾರಗಳು ಎಚ್ಚೆತ್ತದ್ದು 2020ರಲ್ಲಿ, ಪ್ರವಾಸಿಗರೇ ಇಲ್ಲದೆ ಹೋದಾಗ. ಆ ವರ್ಷ ಜುಲೈನಲ್ಲಿ ಬಾರ್ಬಡೋಸ್, ಆಗಸ್ಟ್‌ನಲ್ಲಿ ಎಸ್ಟೋನಿಯಾ ಇಂಥ ವೀಸಾ ಶುರು ಮಾಡಿದವು. ಎಸ್ಟೋನಿಯಾದ್ದು ಹೆಚ್ಚೆಂದರೆ ಒಂದು ವರ್ಷದ್ದು. ಅರ್ಜಿಗೆ ಹಿಂದಿನ ಆರು ತಿಂಗಳಲ್ಲಿ ತಿಂಗಳಿಗೆ 4,500 ಯೂರೋ ಆದಾಯವಿತ್ತೆಂದು ತೋರಿಸಬೇಕು. ದುಡಿಮೆ ಹೊರದೇಶದ ಕಂಪನಿಗೋ ಗಿರಾಕಿಗಳಿಗೋ ಆಗಿರಬೇಕು. ಬಾ, ಬಾಡಿಗೆ ಕೊಡು, ಅಂಗಡಿಯಲ್ಲಿ ಖರ್ಚು ಮಾಡು. ನಮ್ಮವರ ಕೆಲಸದ ಮೇಲೆ ಕಣ್ಣು ಹಾಕಬೇಡ ಎಂಬುದು ಇದರ ತಾತ್ಪರ್ಯ.

ಫಿರೂಜ್ ಷಾನ ಹಡಗುಗಳದು ಇದಕ್ಕೆ ತೀರಾ ಉಲ್ಟಾ ವ್ಯವಹಾರ. ಅವನಿಗೆ ಬೇಕಾದದ್ದು ಬಂದವನ ಕೆಲಸವೇ. ಹೀಗೆ ಬಂದವರಿಗೆ ಎರಡು ಹೆಸರಿದ್ದವು: ಆಫಾಕಿ ಮತ್ತು ಗರೀಬ. ಆಫಾಕ್ ಎಂದರೆ ದಿಗಂತಗಳು, ಆಫಾಕಿ ದಿಗಂತದಾಚೆಯಿಂದ ಬಂದವನು. ಗರೀಬ ಎಂಬ ಅರಬ್ಬಿ ಶಬ್ದದ ಅರ್ಥ ಅಪರಿಚಿತ, ಪರಸ್ಥಳದವನು. ಅದೇ ಶಬ್ದ ನಮ್ಮ ಬಾಯಲ್ಲಿ ಬಡವ ಎಂದಾಯಿತು. ಆದರೆ ಬಹಮನಿ ದರಬಾರಿನ ಗರೀಬರು ಬಡವರಾಗಿರಲಿಲ್ಲ. ದೊಡ್ಡ ಹುದ್ದೆಗಳು ಅವರಿಗೆ ಹೋದವು. ಮೊದಲೇ ಬಂದು ನೆಲೆಸಿದ್ದ ದಖ್ಖನಿಗಳಿಗೆ ಹೊಟ್ಟೆಕಿಚ್ಚು ಹತ್ತಿತು. ಚಾಕಣದಲ್ಲಿ ಆಫಾಕಿಗಳ ಸಾಮೂಹಿಕ ಕೊಲೆಯೂ ಆಯಿತು.

ಮಹಮೂದ್ ಗವಾನನದು ಈ ಜಗಳದ ದೊಡ್ಡ ಕಥೆ. ಇರಾನಿನ ಗೀಲಾನದಿಂದ 1453ರ ಸುಮಾರಿಗೆ ದಾಭೋಳ ಬಂದರಿಗೆ ವ್ಯಾಪಾರಿಯಾಗಿ ಇಳಿದು, ಬೀದರಿಗೆ ಬಂದು, ಕೊನೆಗೆ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಬೀದರಿನಲ್ಲಿ ಅರ್ಧ ಮುರಿದು ಇನ್ನೂ ನಿಂತಿದೆ. ಕುಳಿತಲ್ಲಿಂದಲೇ ಜಗತ್ತಿನ ಜೊತೆ ಕೆಲಸ ಮಾಡುವುದು ಅವನಿಗೂ ಗೊತ್ತಿತ್ತು: ಆಟೊಮನ್ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ ಬರೆದ ಪತ್ರಗಳು ‘ರಿಯಾಜುಲ್ ಇನ್ಷಾ’ ಎಂಬ ಸಂಗ್ರಹದಲ್ಲಿವೆ. ಜಾಮಿಯನ್ನು ಬೀದರಿಗೆ ಕರೆದ; ಜಾಮಿ ಬರಲಿಲ್ಲ, ಪತ್ರ ಬರೆದುಕೊಂಡೇ ಇದ್ದ. ಹುದ್ದೆಗಳನ್ನು ದಖ್ಖನಿ ಮತ್ತು ಆಫಾಕಿಗಳಿಗೆ ಸರಿಸಮ ಹಂಚಲು ಗವಾನ್ ನೋಡಿದ. ಆದರೂ ಶತ್ರುರಾಜನನ್ನು ದಂಡೆತ್ತಿ ಬರಲು ಕರೆದ ಎಂಬ ಖೊಟ್ಟಿ ಪತ್ರವೊಂದನ್ನು ಅವನ ಮೊಹರಿನಡಿ ಹುಟ್ಟಿಸಿದರು. 1481ರ ಏಪ್ರಿಲ್ 5ರಂದು ಅವನ ತಲೆ ಹೋಯಿತು. ಮೂವತ್ತು ವರ್ಷ ಹತ್ತಿರ ಬಾಳಿದ ಮೇಲೂ ‘ಇವನು ಯಾರ ಕಡೆಯವನು’ ಎಂಬ ಸಂಶಯಕ್ಕೆ ಒಂದು ಕಾಗದ ಸಾಕಾಯಿತು.

ನಾಲ್ಕು ಶತಮಾನದ ನಂತರ ಅದೇ ಜಗಳ ನಿಜಾಮರ ರಾಜ್ಯದಲ್ಲಿ ಮುಲ್ಕಿ, ಗೈರ್ ಮುಲ್ಕಿ ಎಂಬ ಹೆಸರಿನಲ್ಲಿ ಎದ್ದಿತು. ದಿವಾನ ಸಾಲಾರ್ ಜಂಗ್ ಆಡಳಿತ ಸುಧಾರಣೆಗೆಂದು ಉತ್ತರ ಹಿಂದೂಸ್ಥಾನದಿಂದ ಓದಿದವರನ್ನು ತರಿಸಿದ್ದ. ಮುಲ್ಕ್ ಅಂದರೆ ದೇಶ. ನೌಕರಿ ಮುಲ್ಕಿಗಳಿಗೇ ಎಂದು ಕೂಗು ಬೆಳೆಯಿತು. 1919ರ ನಿಯಮದ ಪ್ರಕಾರ ಹೊರಗಿನವನು ಮುಲ್ಕಿ ಎನ್ನಿಸಿಕೊಳ್ಳಲು 15 ವರ್ಷ ಕಾಯಂ ಆಗಿ ನೆಲೆಸಿರಬೇಕು. ಅಷ್ಟೇ ಸಾಲದು, ಹಿಂದಿನ ಊರಿಗೆ ಮರಳುವ ಉದ್ದೇಶವನ್ನು ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಮಾಡಿಕೊಡಬೇಕು! (ಮಹಾಗಾಂವದ ರೈತನಿಗೆ ಈ ಗದ್ದಲದಲ್ಲಿ ಪಾಲೇ ಇರಲಿಲ್ಲ. ಕಚೇರಿಯ ಉರ್ದು ಅವನ ಭಾಷೆಯಲ್ಲ.) ಆ ಸಂಸ್ಥಾನ ಹೋಯಿತು, 1956ರಲ್ಲಿ ನಾವು ಕರ್ನಾಟಕಕ್ಕೆ ಸೇರಿದೆವು. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ಬಂತು. ಇಲ್ಲಿಯವನೆಂಬ ಪ್ರಮಾಣಪತ್ರ ಇದ್ದುದರಿಂದಲೇ ಅಕ್ಕನ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅದು ಬೇಕಾಗಿಯೇ ಇತ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಎಸ್ಟೋನಿಯಾದವರು ಈ ಹಳೇ ಜಗಳವನ್ನು ಜಾಣತನದಿಂದ ತಪ್ಪಿಸಿದ್ದಾರೆ. ಕೆಲಸವನ್ನೇ ನೆಲದಿಂದ ಬಿಡಿಸಿದ ಮೇಲೆ ಹೊಟ್ಟೆಕಿಚ್ಚಿಗೆ ಜಾಗ ಕಡಿಮೆ. ಆದರೆ ಅಲ್ಲಿ ಯಾರಿಗೂ ಅವನ ಕೈಗೆಲಸ ಬೇಕಿಲ್ಲ, ಅವನ ಮದರಸಾ ಬೇಕಿಲ್ಲ. ಹುಡುಗ ವರ್ಷ ಮುಗಿಸಿ ಬಂದರೆ ತಾಲಿನ್ ನಗರದಲ್ಲಿ ಖಾಲಿಯಾದ ಒಂದು ಬಾಡಿಗೆ ಕೋಣೆ ಬಿಟ್ಟು ಏನು ಉಳಿಯುತ್ತದೆ? ಗವಾನನ ತಲೆ ತೆಗೆದರೂ ಬೀದರಿಗೆ ಅವನನ್ನು ಅಳಿಸಲಾಗಲಿಲ್ಲ.

ಹೋದವನ ಕಡೆಯಿಂದ ನೋಡಿದರೆ ನನಗೆ ನೆನಪಾಗುವವನು ಬಿಲ್ಹಣ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರ ಬಿಟ್ಟು, ಮಥುರೆ, ಕಾಶಿ, ಗುಜರಾತ ಸುತ್ತಿ, ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನಲ್ಲಿ ಕೆಲಸ ಹಿಡಿದ, ವಿದ್ಯಾಪತಿ ಎನ್ನಿಸಿಕೊಂಡ. ರಾಜನ ಮೇಲೆ ‘ವಿಕ್ರಮಾಂಕದೇವಚರಿತ’ ಬರೆದ. ಆದರೆ ಅದರ ಹದಿನೆಂಟನೆಯ, ಕೊನೆಯ ಸರ್ಗದಲ್ಲಿ ಕಾಶ್ಮೀರವನ್ನೂ ತನ್ನ ಊರು ಖೋನಮುಖವನ್ನೂ ಅಲ್ಲಿಯ ಕೇಸರಿ, ದ್ರಾಕ್ಷಿಯನ್ನೂ ತಂದ. ಅಫಿಡವಿಟ್ ಬರೆದುಕೊಡುವ ಆಸಾಮಿಯಲ್ಲ. ಕಾಶ್ಮೀರದಲ್ಲಿ ಹರ್ಷನೆಂಬವನು ರಾಜನಾಗಿ ಕವಿಗಳಿಗೆ ಬಂಧುವಾಗಿದ್ದಾನೆ ಎಂದು ಕೇಳಿದಾಗ, ಕಲ್ಯಾಣದಲ್ಲಿ ಆನೆಯ ಮೇಲೆ ಕೊಡೆ ಹಿಡಿಸಿಕೊಂಡು ಹೋಗುವ ತನ್ನ ವೈಭವವೆಲ್ಲ ಅವನಿಗೆ ಮೋಸದಂತೆ ಕಂಡಿತು ಎಂದು ‘ರಾಜತರಂಗಿಣಿ’ಯಲ್ಲಿ ಕಲ್ಹಣ ಬರೆದಿದ್ದಾನೆ.